ತೆಂಗಿನ ಸೀಮೆಯಲ್ಲಿ ಇಳಿದು ಹತ್ತುವ ಬಸ್ಸು

ಮೆಡಿಟರೇನಿಯನ್ ಕಡಲ ಸುತ್ತಲಿನ ಹಳೆಯ ನಗರಗಳಲ್ಲಿ ಪ್ರವಾಸಿಗರಿಗೆಂದೇ ಒಂದು ಬಗೆಯ ಬಸ್ಸು ಓಡಾಡುತ್ತದೆ. ಎರಡು ಅಂತಸ್ತು, ಮೇಲಿನದಕ್ಕೆ ಸೂರಿಲ್ಲ. ಬೆಳಿಗ್ಗೆ ಒಮ್ಮೆ ಟಿಕೆಟ್ ಕೊಂಡರೆ ದಿನವಿಡೀ ಎಲ್ಲಿ ಬೇಕಾದರೂ ಇಳಿಯಬಹುದು. ನೋಡುವುದನ್ನು ನೋಡಿ, ಹಿಂದಿನಿಂದ ಬರುವ ಮುಂದಿನ ಬಸ್ಸನ್ನು ಅದೇ ಟಿಕೆಟಿನಲ್ಲಿ ಹತ್ತಬಹುದು. ಸೀಟಿನ ಪಕ್ಕದಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿ ಇರುತ್ತದೆ. ಬೇಕಾದ ಭಾಷೆಯ ಗುಂಡಿ ಒತ್ತಿದರೆ ಇದು ಅರಮನೆ, ಇದು ಇಗರ್ಜಿ, ಇದನ್ನು ಕಟ್ಟಿಸಿದವನು ಇಂಥ ದೊರೆ ಎಂದು ಧ್ವನಿಯೊಂದು ಹೇಳುತ್ತ ಹೋಗುತ್ತದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 1987ರಲ್ಲೇ ಇಂಥದ್ದು ಆರಂಭವಾಗಿತ್ತು. ನಮ್ಮ ಮೈಸೂರಿನಲ್ಲೂ ಪ್ರವಾಸೋದ್ಯಮ ನಿಗಮ 'ಅಂಬಾರಿ' ಎಂಬ ಹೆಸರಿನಲ್ಲಿ ಸೂರಿಲ್ಲದ ಎರಡಂತಸ್ತಿನ ಬಸ್ಸು ತಂದಿದೆ. ದಸರಾ ದೀಪ ನೋಡಲು ಜನ ಅದರ ನೆತ್ತಿಯ ಮೇಲೆ ಕೂರುತ್ತಾರೆ.

ಬಸ್ಸೇನೋ ಒಳ್ಳೆಯದೇ. ಮುದುಕರಿಗೆ, ಮಕ್ಕಳೊಂದಿಗರಿಗೆ, ಭಾಷೆ ಬಾರದ ಪರದೇಶಿಗಳಿಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆದರೆ ಅದು ಸದ್ದಿಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಾವಿರಾರು ವರ್ಷಗಳ ಊರನ್ನು ಹದಿನೈದೋ ಇಪ್ಪತ್ತೋ ನಿಲ್ದಾಣಗಳಾಗಿ ಕತ್ತರಿಸಿ ಇಡುತ್ತದೆ. ನಿಲ್ದಾಣ ಸಿಕ್ಕಿದ್ದು ಚರಿತ್ರೆ ಎನಿಸಿಕೊಳ್ಳುತ್ತದೆ, ಸಿಗದೆ ಹೋದದ್ದು ಬರಿಯ ಬೀದಿಯಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಆ ಕಿವಿಯ ತಂತಿಯಲ್ಲಿ ಕೇಳಿಸುವುದಿಲ್ಲ.

ಸಿಸಿಲಿ ದ್ವೀಪದ ಪಾಲೆರ್ಮೊ ನಗರವನ್ನು ತೆಗೆದುಕೊಳ್ಳಿ. 831ರಲ್ಲಿ ಅದು ಮುಸ್ಲಿಮರ ಕೈಸೇರಿತು. 1072ರಲ್ಲಿ ಉತ್ತರದಿಂದ ಬಂದ ನಾರ್ಮನ್ನರು ಗೆದ್ದುಕೊಂಡರು. ಗೆದ್ದವರು ಸೋತವರ ಕುಶಲಕರ್ಮಿಗಳನ್ನೂ ಲೆಕ್ಕಿಗರನ್ನೂ ಪಂಡಿತರನ್ನೂ ಉಳಿಸಿಕೊಂಡರು. ಎರಡನೆಯ ರೋಜರ್ ಎಂಬ ಕ್ರೈಸ್ತ ದೊರೆಯ ರಾಜವಸ್ತ್ರದ ಅಂಚಿನಲ್ಲಿ ಅರಬ್ಬಿ ಅಕ್ಷರಗಳ ಕಸೂತಿಯಿದೆ. ಅದರಲ್ಲಿ ನಮೂದಾಗಿರುವ ಇಸವಿ ಹಿಜರಿ 528. ಆ ನಿಲುವಂಗಿ ಈಗ ವಿಯೆನ್ನಾದಲ್ಲಿದೆ. ಅದೇ ದೊರೆಗಾಗಿ ಅಲ್ ಇದ್ರೀಸಿ 1154ರಲ್ಲಿ ಭೂಗೋಳದ ದೊಡ್ಡ ಗ್ರಂಥವನ್ನು ಮುಗಿಸಿಕೊಟ್ಟ. 1184ರ ಕೊನೆಯಲ್ಲಿ ಹಜ್ ಮುಗಿಸಿ ಹಿಂದಿರುಗುತ್ತಿದ್ದ ಇಬ್ನ್ ಜುಬೈರ್ ಹಡಗೊಡೆದು ಈ ದ್ವೀಪ ಸೇರಿದ. ಕ್ರಿಸ್‌ಮಸ್ ದಿನ ಪಾಲೆರ್ಮೊದ ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರಂತೆಯೇ ಉಟ್ಟು, ಮುಸುಕು ಹಾಕಿ, ಗೋರಂಟಿ ಹಚ್ಚಿಕೊಂಡು ಇಗರ್ಜಿಗೆ ಹೋಗುವುದನ್ನು ಕಂಡು ಬೆರಗಾಗಿ ಬರೆದಿಟ್ಟ. 2015ರಲ್ಲಿ ಯುನೆಸ್ಕೊ 'ಅರಬ್–ನಾರ್ಮನ್ ಪಾಲೆರ್ಮೊ' ಎಂಬ ಹೆಸರನ್ನಿಟ್ಟೇ ಅಲ್ಲಿನ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರಿನಲ್ಲೇ ಅರಬ್ ಇದೆ.

ಇಷ್ಟು ಕೇಳಿ ನಮ್ಮವರು ಹಿಗ್ಗುವುದುಂಟು. ಆದರೆ ಈ ಕಟ್ಟಡಗಳ ನಡುವೆ ಬಾಳಿದ ಜನ ಏನಾದರು? ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಎರಡನೆಯ ಫ್ರೆಡರಿಕ್ ಸಿಸಿಲಿಯ ಮುಸ್ಲಿಮರನ್ನು ಕಿತ್ತು ಇಟಲಿಯ ಲುಚೇರಾ ಎಂಬ ಊರಿಗೆ ಸಾಗಿಸಿದ. 1300ರಲ್ಲಿ ಬೇರೊಬ್ಬ ದೊರೆ ಆ ಊರನ್ನೂ ಒಡೆದು ಜನರನ್ನು ಗುಲಾಮರಾಗಿ ಮಾರಿಸಿದ. ಕಮಾನು ಉಳಿಯಿತು, ಕೆತ್ತನೆ ಉಳಿಯಿತು, ಕೆತ್ತಿದವರ ಮೊಮ್ಮಕ್ಕಳು ಉಳಿಯಲಿಲ್ಲ. ಸೂರಿಲ್ಲದ ಬಸ್ಸು ನಿಲ್ಲುವುದು ಆ ಕಮಾನುಗಳ ಎದುರಿಗೆ.

ಉರ್ದು ಶಾಲೆಯಲ್ಲಿ ಕಲಿತ ನಮ್ಮ ತಲೆಮಾರಿಗೆ ಈ ಕಡಲ ಊರುಗಳು ಪರಕೀಯವಲ್ಲ. ಇಕ್ಬಾಲ್ 1933ರಲ್ಲಿ ಕಾರ್ಡೋಬಾದ ಮಸೀದಿಯಲ್ಲಿ ನಿಂತು ಬಂದು ಬರೆದ 'ಮಸ್ಜಿದ್ ಎ ಕುರ್ತುಬಾ' ನಮಗೆ ಗೊತ್ತು. ಶಿಬ್ಲಿ ನೊಮಾನಿ 1892ರಲ್ಲಿ ಇಸ್ತಾಂಬುಲ್, ಸಿರಿಯಾ, ಈಜಿಪ್ಟ್ ಸುತ್ತಿ ಬರೆದ ಸಫರ್‌ನಾಮಾ ಗೊತ್ತು. ನಸೀಮ್ ಹಿಜಾಜಿಯ ಕಾದಂಬರಿಗಳನ್ನು ದೀಪದ ಬೆಳಕಿನಲ್ಲಿ ಓದಿ ಗ್ರಾನಡಾ ಬಿದ್ದದ್ದಕ್ಕೆ ತಿಪಟೂರಿನಲ್ಲಿ ಕಣ್ಣೀರು ಹಾಕಿದ ಹುಡುಗರಿದ್ದಾರೆ. ಮಧ್ಯಾಹ್ನದ ಕನ್ನಡ ಪಾಠದಲ್ಲಿ ಬೇಲೂರು, ಹಳೇಬೀಡು, ಹಂಪಿ ಬರುತ್ತಿದ್ದವು. ಹೀಗೆ ಒಂದು ಭಾಷೆ ಒಂದು ದಾರಿಯ ನಿಲ್ದಾಣಗಳನ್ನು ಕೊಟ್ಟಿತು, ಇನ್ನೊಂದು ಭಾಷೆ ಇನ್ನೊಂದು ದಾರಿಯದನ್ನು. ಎರಡರಲ್ಲೂ ನಮ್ಮ ತಾಲ್ಲೂಕು ಇರಲಿಲ್ಲ. ಈಗಲೂ ಬೇಸಿಗೆ ರಜೆಯಲ್ಲಿ ಈ ಕಡೆಯಿಂದ ಹೊರಡುವ ಗಾಡಿಗಳನ್ನು ನೋಡಿ. ಒಂದು ಧರ್ಮಸ್ಥಳ, ಕುಕ್ಕೆ, ಶೃಂಗೇರಿಗೆ ಹೋಗುತ್ತದೆ. ಇನ್ನೊಂದು ಜಿಯಾರತ್ತಿಗೆಂದು ಗುಲ್ಬರ್ಗದ ಬಂದೇನವಾಜರಲ್ಲಿಗೋ ಅಜ್ಮೀರಿಗೋ ಹೋಗುತ್ತದೆ. ಎರಡೂ ಕೆ.ಬಿ. ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲುತ್ತವೆ. ಚಹಾ ಕುಡಿದ ಮೇಲೆ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ.

ಕಿಬ್ಬನಹಳ್ಳಿ ಕ್ರಾಸ್ ಎಂಬ ಈ ಜಾಗವೇ ನಾನು ಹೇಳಹೊರಟಿರುವ ಬಸ್ಸಿನ ನಡುಮನೆ. ತುಮಕೂರಿನಿಂದ ತಿಪಟೂರು, ಅರಸೀಕೆರೆ ಕಡೆಗೆ ಹೋಗುವ ಹೆದ್ದಾರಿಯನ್ನು ತೆಂಕಣ ತುರುವೇಕೆರೆಯಿಂದ ಬಡಗಣ ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆ ಇಲ್ಲಿ ಅಡ್ಡ ಹಾಯುತ್ತದೆ. ನಾಲ್ಕು ದಿಕ್ಕಿಗೂ ಕೆಂಪು ಬಸ್ಸು ಇದೆ, ಅದರ ಹಿಂದೆಯೇ ಖಾಸಗಿ ಬಸ್ಸೂ ಇದೆ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಹುಟ್ಟಿ 1961ರಲ್ಲಿ ನಿಗಮವಾದ ನಮ್ಮ ರಸ್ತೆ ಸಾರಿಗೆಗೆ ತಾನು ಪ್ರೇಕ್ಷಣೀಯ ಸ್ಥಳಗಳ ಬಸ್ಸು ಓಡಿಸುತ್ತಿದ್ದೇನೆ ಎಂಬ ಭ್ರಮೆಯೇನೂ ಇಲ್ಲ. ಆದರೂ ಇಳಿಯುವುದು, ನೋಡುವುದು, ಮುಂದಿನದನ್ನು ಹತ್ತುವುದು ಇಲ್ಲಿ ಸಾಧ್ಯ. ಹೆಂಗಸರಿಗಂತೂ 2023ರ ಜೂನ್‌ನಿಂದ 'ಶಕ್ತಿ' ಯೋಜನೆ ಬಂದ ಮೇಲೆ ಟಿಕೆಟಿನ ಚಿಂತೆಯೂ ಇಲ್ಲ. ಆಧಾರ್ ತೋರಿಸಿ ಸೊನ್ನೆ ಮೊತ್ತದ ಚೀಟಿ ಪಡೆದು ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. ಪಾಲೆರ್ಮೊದ ಬಸ್ಸಿನವರು ಯೂರೋ ಎಣಿಸಿಕೊಂಡು ಕೊಡುವ ಸವಲತ್ತು ಇದೇ ಅಲ್ಲವೇ? ಬುರ್ಖಾ ತೊಟ್ಟ ಅತ್ತೆಯೂ ಕುಂಕುಮವಿಟ್ಟ ಅಜ್ಜಿಯೂ ಒಂದೇ ಸೀಟಿನಲ್ಲಿ ಕೂತು ಮೊಣಕಾಲಿನ ನೋವಿನ ಬಗ್ಗೆ ಮಾತಾಡಿಕೊಳ್ಳುವುದನ್ನು ಈ ಬಸ್ಸಿನಲ್ಲಿ ದಿನವೂ ಕಾಣಬಹುದು. ಅವರಿಗೆ ಕಿಟಕಿಯಾಚೆಗಿನ ಊರುಗಳ ಕಥೆ ಹೇಳುವ ತಂತಿ ಮಾತ್ರ ಇಲ್ಲ.

ಕ್ರಾಸಿನಿಂದ ತೆಂಕಣಕ್ಕೆ ಹೋಗುವ ಬಸ್ಸು ಹತ್ತಿದರೆ ಬಾಣಸಂದ್ರದ ಕಡೆ ಬರುತ್ತೇವೆ. ರೈಲುನಿಲ್ದಾಣ ಇರುವ ಊರು. ಅಲ್ಲಿಂದ ಕೆಲವೇ ಮೈಲಿ ದೂರದ ಅರಳುಗುಪ್ಪೆಯಲ್ಲಿ ಒಂದೇ ಊರಿನೊಳಗೆ ಎರಡು ಕಾಲ ಅಕ್ಕಪಕ್ಕ ನಿಂತಿವೆ. ಒಂದು ಒಂಬತ್ತನೆಯ ಶತಮಾನದ ಕಲ್ಲೇಶ್ವರ, ಗಂಗ–ನೊಳಂಬರ ಕಾಲದ್ದು. ಹೊರಗಿನಿಂದ ನೋಡಿದರೆ ಸಾಧಾರಣ ಗುಡಿ. ಒಳಗೆ ಹೋಗಿ ತಲೆಯೆತ್ತಬೇಕು. ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ಪಾಲಕರು ತಮ್ಮ ತಮ್ಮ ವಾಹನಗಳೊಂದಿಗೆ ಇದ್ದಾರೆ. ಹನ್ನೊಂದು ನೂರು ವರ್ಷಗಳಿಂದ ಆ ಕಲ್ಲಿನ ಕುಣಿತ ನಿಂತಿಲ್ಲ. ಇನ್ನೊಂದು ಹೊಯ್ಸಳರ ಚೆನ್ನಕೇಶವ, ಹದಿಮೂರನೆಯ ಶತಮಾನದ ನಡುವಿನದು. ಕೆತ್ತಿದವನ ಹೆಸರು ಹೊನೋಜ ಎಂದು ಉಳಿದಿದೆ. ರಾಜನ ಹೆಸರು ಉಳಿಯುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಉಳಿ ಹಿಡಿದವನ ಹೆಸರು ಉಳಿದದ್ದು ನನ್ನಂಥ ಕಥೆಗಾರನಿಗೆ ಹೆಚ್ಚಿನ ಸಂತೋಷ ಕೊಡುವ ಸಂಗತಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳಿಗೆ ಯುನೆಸ್ಕೊ ಮನ್ನಣೆ ಸಿಕ್ಕಿತು. ಮೂರು ನಿಲ್ದಾಣಗಳು ಪಕ್ಕಾ ಆದವು. ಅದೇ ಹೊಯ್ಸಳರ ಕೆಲಸ ಈ ತೆಂಗಿನ ತೋಟಗಳ ನಡುವೆ ಎಷ್ಟು ಕಡೆ ಚೆಲ್ಲಿಕೊಂಡಿದೆ ಎಂದರೆ ನಾಗಲಾಪುರದಲ್ಲಿ ಎರಡು ಗುಡಿ, ನೊಣವಿನಕೆರೆ ಬಳಿಯ ವಿಘ್ನಸಂತೆಯಲ್ಲಿ 1286ರ ಮೂರು ಗರ್ಭಗುಡಿಗಳ ಲಕ್ಷ್ಮೀನರಸಿಂಹ. ತುರುವೇಕೆರೆಯಲ್ಲಂತೂ ಒಂದೇ ಊರಿನಲ್ಲಿ ಚೆನ್ನಕೇಶವ, ಮೂಲೆ ಶಂಕರೇಶ್ವರ, ಗಂಗಾಧರೇಶ್ವರ. ಆ ಕೊನೆಯದರ ಎದುರಿನ ಕರಿಕಲ್ಲಿನ ಬಸವನ ಮೈ ಎಣ್ಣೆ ಸವರಿದಂತೆ ಮಿನುಗುತ್ತದೆ. ಮೂರನೆಯ ನರಸಿಂಹನ ದಂಡನಾಯಕ ಸೋಮಣ್ಣ ಇಲ್ಲಿ ಅಗ್ರಹಾರ ಮಾಡಿಸಿದ ಕಾಲದಿಂದ ಊರಿಗೆ ಚರಿತ್ರೆಯ ಪುಟದಲ್ಲಿ ಜಾಗವಿದೆ. ಆದರೆ ಹೆಸರು ಅದಕ್ಕೂ ಹಳೆಯದನ್ನು ಹೇಳುವಂತಿದೆ. ತುರು ಎಂದರೆ ದನ. ದನ ನೀರು ಕುಡಿಯುತ್ತಿದ್ದ ಕೆರೆ ಮೊದಲು, ಅಗ್ರಹಾರ ಆಮೇಲೆ ಎಂದು ನನ್ನ ಅನಿಸಿಕೆ. ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಅಚ್ಚು ಹಾಕಿಸದೇ ಇದ್ದಿದ್ದರೆ ಈ ಊರುಗಳ ಬಹುಪಾಲು ಮಾತು ಬಟ್ಟೆ ಒಗೆಯುವ ಕಲ್ಲಿನಲ್ಲೇ ಸವೆದು ಹೋಗುತ್ತಿತ್ತು.

ತುರುವೇಕೆರೆ ತಾಲ್ಲೂಕಿನಲ್ಲೇ ಇನ್ನೊಂದು ಊರು ಸಂಪಿಗೆ. ಕನ್ನಡ ಓದಿದವರೆಲ್ಲರೂ ಇಲ್ಲೊಮ್ಮೆ ಇಳಿಯಬೇಕು ಎಂದು ನನಗನಿಸುತ್ತದೆ. 1884ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಇಲ್ಲಿ. 'ಇಂಗ್ಲಿಷ್ ಗೀತಗಳು' ಎಂದರೆ ಬಿಎಂಶ್ರೀ ಎಂದಷ್ಟೇ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಮಹನೀಯರು ಮೆಡಿಟರೇನಿಯನ್ನಿನ ಗ್ರೀಕ್ ರುದ್ರನಾಟಕಗಳನ್ನು ಕನ್ನಡಕ್ಕೆ ತಂದವರೂ ಹೌದು. ಸೊಫೋಕ್ಲಿಸ್‌ನ ಅಯಾಸನನ್ನು 'ಅಶ್ವತ್ಥಾಮನ್' ಮಾಡಿದರು, ಈಸ್ಕಿಲಸ್‌ನ ನಾಟಕವನ್ನು 'ಪಾರಸಿಕರು' ಎಂದು ಕೊಟ್ಟರು. ಈ ಎರಡನೆಯದರ ಹಿನ್ನೆಲೆ ನೆನಪಿಡಬೇಕಾದ್ದು. ಕ್ರಿಸ್ತಪೂರ್ವ 480ರಲ್ಲಿ ಸಲಾಮಿಸ್ ಎಂಬಲ್ಲಿ ಪರ್ಷಿಯದ ನೌಕಾಪಡೆ ಗ್ರೀಕರ ಕೈಲಿ ಮುರಿಯಿತು. ಎಂಟು ವರ್ಷದ ನಂತರ ಅಥೆನ್ಸ್‌ನಲ್ಲಿ ನಾಟಕ ಆಡಿದರು. ಆಡಿದ್ದು ಗೆದ್ದವರ ಕೇಕೆಯನ್ನಲ್ಲ. ರಂಗದ ಮೇಲೆ ಇದ್ದದ್ದು ಸೋತ ಪರ್ಷಿಯದ ಅರಮನೆ, ಮಗನಿಗಾಗಿ ಕಾಯುವ ತಾಯಿ, ಸತ್ತವರ ಹೆಸರು ಹೇಳಿ ಅಳುವ ಮುದುಕರು. ಪರ್ಷಿಯದವರು ಸುಟ್ಟ ತಮ್ಮ ಊರಿನಲ್ಲೇ ಕೂತು ಅಥೆನ್ಸಿನವರು ಶತ್ರುವಿನ ಮನೆಯ ದುಃಖವನ್ನು ನೋಡಿದರು. ಬರೆದ ಈಸ್ಕಿಲಸ್ ಸ್ವತಃ ಪರ್ಷಿಯದವರ ಎದುರು ಮ್ಯಾರಥಾನ್ ಕಾಳಗದಲ್ಲಿ ಕತ್ತಿ ಹಿಡಿದವನು. ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ಸೈನಿಕ ಎದುರಾಳಿಯ ನಿಲ್ದಾಣದಲ್ಲಿ ಇಳಿದು ನೋಡಿದ. ಆ ನಾಟಕ ಕನ್ನಡಕ್ಕೆ ಬಂದದ್ದು ಸಂಪಿಗೆಯ ಮಗನಿಂದ. ನಮ್ಮಲ್ಲಿ ಚರಿತ್ರೆ ಎಂದರೆ ಇಂದಿಗೂ ಯಾರು ಯಾರನ್ನು ಗೆದ್ದರು ಎಂಬ ಲೆಕ್ಕವೇ ಆಗಿರುವಾಗ ಈ ನಾಟಕ ನಮ್ಮ ಕಾಲೇಜುಗಳ ರಂಗದ ಮೇಲೆ ಯಾಕೆ ಬರುವುದಿಲ್ಲವೋ!

ತಿರುಗಿ ಕ್ರಾಸಿಗೆ ಬಂದು ಪಡುವಣ ದಿಕ್ಕಿನ ಬಸ್ಸು ಹಿಡಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ ತಿಪಟೂರು. ಇಲ್ಲಿ ನೋಡಲು ಏನಿದೆ ಎಂದು ತಿಪಟೂರಿನವರೇ ಕೇಳುತ್ತಾರೆ. ಇರುವುದು ಕೊಬ್ಬರಿ. ಕೊಬ್ಬರಿಯೂ ಚರಿತ್ರೆಯೇ. ಹಿಂದೆ ಇಲ್ಲಿನ ತಾಲ್ಲೂಕು ಕೇಂದ್ರ ತಿಪಟೂರಾಗಿರಲಿಲ್ಲ, ಹೊನ್ನವಳ್ಳಿಯಾಗಿತ್ತು. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ (1876–78) ಕಳೆದ ಮೇಲೆ ರೈಲು ಹಾಕುವ ಕೆಲಸ ಚುರುಕಾಯಿತು. 1884ರಲ್ಲಿ ತುಮಕೂರಿಗೂ 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ ಹಾದು ಹರಿಹರಕ್ಕೂ ಹಳಿ ಮುಟ್ಟಿತು. ರೈಲು ನಿಂತ ಊರು ಬೆಳೆಯಿತು, ನಿಲ್ಲದ ಹೊನ್ನವಳ್ಳಿ ಹಳ್ಳಿಯಾಗಿಯೇ ಉಳಿಯಿತು. ನಿಲ್ದಾಣ ಎಂಬುದು ಊರಿನ ಹಣೆಬರಹವನ್ನೇ ಬದಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಮಲೆಯಾಳದಲ್ಲಿ, ಕರಾವಳಿಯಲ್ಲಿ ಕಾಯಿಯನ್ನು ಹೋಳು ಮಾಡಿ ಬಿಸಿಲಿಗೆ ಹಾಕಿ ಎಣ್ಣೆಗೆ ಕೊಬ್ಬರಿ ಮಾಡುತ್ತಾರೆ. ನಮ್ಮದು ಬೇರೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕರಟವನ್ನು ಬಿಟ್ಟು ಕುಗ್ಗುತ್ತದೆ, ಅಲುಗಿಸಿದರೆ ಲೊಡಲೊಡ ಸದ್ದಾಗುತ್ತದೆ. ಆಮೇಲೆ ಸುಲಿದು, ಕರಟವನ್ನು ಹುಷಾರಾಗಿ ಒಡೆದರೆ ಇಡೀ ಉಂಡೆ ಹೊರಗೆ ಬರುತ್ತದೆ. ಅವಸರದವರಿಗೆ ಈ ಕೆಲಸವಲ್ಲ. ಈ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಭಾರತಕ್ಕೆ ಹೋಗುತ್ತದೆ. ದೀಪಾವಳಿಯ ತಟ್ಟೆಗೂ ಬೀಳುತ್ತದೆ, ಈದ್ ಬೆಳಿಗ್ಗೆಯ ಶೀರ್ ಖುರ್ಮಾದ ಪಾತ್ರೆಗೂ ಬೀಳುತ್ತದೆ. ಅದರ ಬೆಲೆಯ ಮೇಲೆ ಇಲ್ಲಿ ಮದುವೆ, ಮನೆ, ಮಕ್ಕಳ ಫೀಸು ಎಲ್ಲ ನಿಂತಿದೆ. 2023ರಲ್ಲಿ ಕ್ವಿಂಟಾಲಿಗೆ ಬೆಂಬಲ ಬೆಲೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಅಷ್ಟು ಹೊತ್ತಿಗೆ ಎಷ್ಟೋ ಜನರ ಅಟ್ಟ ಖಾಲಿಯಾಗಿತ್ತು.

ಈ ಕಾಯಿಗೂ ಆ ಕಡಲಿಗೂ ನಂಟು ಹಳೆಯದು. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಸ್ ಆರನೆಯ ಶತಮಾನದಲ್ಲಿ ಪೂರ್ವದ ಕಡಲುಗಳ ಬಗ್ಗೆ ಬರೆಯುವಾಗ ತೆಂಗಿನಕಾಯನ್ನು ಕರೆದದ್ದು 'ಅರ್ಗೆಲ್ಲಿಯಾ' ಎಂದು. ಅದು ನಮ್ಮ ನಾರಿಕೇಳದ ಮಗುವೇ. ಫಾರ್ಸಿಯಲ್ಲಿ ನಾರ್ಗೀಲ್, ಅರಬ್ಬಿಯಲ್ಲಿ ನಾರಜೀಲ್, ಉರ್ದುವಿನಲ್ಲಿ ನಾರಿಯಲ್. ಇಬ್ನ್ ಬತೂತಾ ಈ ಕಾಯನ್ನು ಮನುಷ್ಯನ ತಲೆಗೆ ಹೋಲಿಸಿ, ಕಣ್ಣು ಬಾಯಿ ಇದೆ, ನಾರು ಕೂದಲಿನಂತಿದೆ ಎಂದು ತನ್ನ ಓದುಗರಿಗೆ ತಿಳಿಹೇಳಿದ. ನಮ್ಮ ಹೊನ್ನಾವರಕ್ಕೂ ಬಂದಿದ್ದ ಮುಸಾಫಿರ ಅವನು. ಇಸ್ತಾಂಬುಲಿನಿಂದ ಬೈರೂತಿನವರೆಗೆ ಕಾಫಿ ಅಂಗಡಿಗಳಲ್ಲಿ ಗುಡುಗುಡಿ ಸೇದುತ್ತಾರಲ್ಲ, ಅದರ ಹೆಸರು ನಾರ್ಗಿಲೆ. ನೀರು ತುಂಬುವ ಬುರುಡೆ ಮೊದಮೊದಲು ತೆಂಗಿನ ಕರಟದ್ದಾಗಿತ್ತು. ಗಾಜು, ಹಿತ್ತಾಳೆ ಬಂದ ಮೇಲೂ ಹೆಸರು ಹಾಗೇ ಉಳಿಯಿತು. ಉಮ್ರಾ ಮುಗಿಸಿ ಇಸ್ತಾಂಬುಲಿಗೂ ಹೋಗಿ ಬರುವವರು ಅದರ ಎದುರು ಕೂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ತಾವು ಮುಟ್ಟಿದ್ದು ಕರಟದ ಹೆಸರನ್ನು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಬಡಗಣ ದಾರಿ. ಚಿಕ್ಕನಾಯಕನಹಳ್ಳಿ ಹಾಗಲವಾಡಿಯ ಪಾಳೆಯಗಾರರ ಊರು. ಹೆಸರೇ ಆ ಮನೆತನದ ಚಿಕ್ಕನಾಯಕನದು. ಮೈಸೂರಿನ ಒಡೆಯರು ಒಂದು ಕಡೆ, ಸಿರಾದ ಸುಬೇದಾರರು ಇನ್ನೊಂದು ಕಡೆ ಇದ್ದಾಗ ನಡುವೆ ಕೋಟೆ ಕಟ್ಟಿಕೊಂಡು ಬಾಳಿದ ಈ ಸಣ್ಣ ನಾಯಕರ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಬರುವುದಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಿರಾದ ಕಡೆಯಿಂದ ಬಂದು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ಹಾದು ಶ್ರೀರಂಗಪಟ್ಟಣದತ್ತ ಹೋದ. ತೋಟಕ್ಕೆ ನೀರು ಹೇಗೆ, ಸಂತೆಯಲ್ಲಿ ಏನು ಮಾರುತ್ತಾರೆ, ಯಾವ ಜಾತಿಯವರು ಏನು ಮಾಡುತ್ತಾರೆ ಎಂದು ಅವನು ಇಳಿದಲ್ಲೆಲ್ಲ ಕೇಳಿದ. ಕಂಪನಿಗೆ ಕಂದಾಯ ಎಷ್ಟು ಹುಟ್ಟುತ್ತದೆ ಎಂದು ನೋಡುವುದು ಅವನ ಕೆಲಸ, ಅದು ನಿಜ. ಆದರೂ ಗುಡಿ, ಗೋರಿಗಳಷ್ಟೇ ನೋಡುವ ಇಂದಿನ ಪ್ರವಾಸಿಗಿಂತ ಅವನ ಪುಸ್ತಕದಲ್ಲಿ ಜೀವಂತ ಜನ ಹೆಚ್ಚಿದ್ದಾರೆ.

ಈ ಊರಿನಲ್ಲಿ ಒಂದು ದರ್ಗಾ ಇದೆ. ಉರ್ದುವಿನ ಉದ್ದನೆಯ ಬಿರುದುಗಳು ಫಲಕದಲ್ಲಿರಲಿ, ಜನರ ಬಾಯಲ್ಲಿ ಅದು 'ತಾತಯ್ಯನ ಗೋರಿ'. ತಾತ ಎಂಬುದೂ ಅಯ್ಯ ಎಂಬುದೂ ಈ ಸೀಮೆಯಲ್ಲಿ ಮನೆಯ ಹಿರಿಯನನ್ನು, ಜಂಗಮನನ್ನು, ಗುರುವನ್ನು ಕರೆಯುವ ಮಾತುಗಳು. ಆ ಮಾತನ್ನು ಒಬ್ಬ ಮುಸ್ಲಿಂ ಸಂತನಿಗೆ ಕೊಟ್ಟವರು ಯಾವ ಸಮಿತಿಯವರೂ ಅಲ್ಲ, ಹರಕೆ ಹೊತ್ತು ಬಂದ ಒಕ್ಕಲು ಮಕ್ಕಳು. ಉರುಸಿನ ದಿನ ಕವ್ವಾಲಿ ಕೇಳಲು ಕೂತವರಲ್ಲಿ ಉರ್ದು ಬರುವವರು ಎಷ್ಟು ಜನ ಎಂದು ಎಣಿಸಬೇಕಿಲ್ಲ. ಈಚೆಗೆ ನಮ್ಮವರಲ್ಲೇ ಕೆಲವರು ಗೋರಿಗೆ ಹೋಗುವುದು ಸರಿಯಲ್ಲ ಎನ್ನುತ್ತಾರೆ, ಆಚೆ ಕಡೆಯ ಕೆಲವರು ಅದು ನಮ್ಮ ಜಾಗವಲ್ಲ ಎನ್ನುತ್ತಾರೆ. ಇಬ್ಬರಿಗೂ ಬೇಡವಾದರೆ ನಿಲ್ದಾಣ ತಾನಾಗಿ ರದ್ದಾಗುತ್ತದೆ. ಪಾಲೆರ್ಮೊದಲ್ಲಿ ಕಲ್ಲು ಉಳಿದು ಜನ ಹೋದರು. ಇಲ್ಲಿ ಜನ ಇದ್ದಾರೆ, ಒಂದೇ ಬಸ್ಸಿನಲ್ಲಿ ಬರುತ್ತಾರೆ. ಬರುವುದನ್ನು ಬಿಟ್ಟರೆ ಮುಂದೆ ಯಾವ ಯುನೆಸ್ಕೊ ಬಂದು ಏನು ಬರೆದರೂ ಅದು ಕಲ್ಲಿನ ಲೆಕ್ಕವೇ ಆಗುತ್ತದೆ.

ಚಿಕ್ಕನಾಯಕನಹಳ್ಳಿಯಿಂದ ಮುಂದೆ ಹುಳಿಯಾರು. ಅದರಾಚೆ, ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿರುವ ಬೂದಿಹಾಳಿನ ಕೋಟೆ. 1687ರಲ್ಲಿ ಔರಂಗಜೇಬನ ಸೈನ್ಯ ಈ ಕಡೆ ಬಂದು ಸಿರಾವನ್ನು ಸುಬಾ ಕೇಂದ್ರ ಮಾಡಿದಾಗ ಅದರ ಕೆಳಗೆ ಏಳು ಪರಗಣಗಳಿದ್ದವು. ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಎಂದರೆ ದೆಹಲಿಯ ಆಡಳಿತದ ತೆಂಕಣ ತುದಿ ನಮ್ಮ ತೋಟಗಳ ಬೇಲಿಗೇ ತಾಗಿತ್ತು. ಅದೇ 1687ರಲ್ಲಿ ಮೊಗಲರ ಸೇನಾಪತಿ ಕಾಸಿಂ ಖಾನ್ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟ. ಬೆಂಗಳೂರಿನ ಚರಿತ್ರೆ ಹೇಳುವವರು ಈ ಮಾತು ಹೇಳಿ ನಗುತ್ತಾರೆ, ಅದನ್ನು ಮಾರಿದವನ ಕಚೇರಿ ಎಲ್ಲಿತ್ತು ಎಂದು ಕೇಳುವುದಿಲ್ಲ.

ಸಿರಾದಲ್ಲಿ ನೋಡಬೇಕಾದ್ದು ಮಲಿಕ್ ರೈಹಾನನ ಗೋರಿ, 1651ರದು. ಅವನು ಮೊಗಲರಿಗಿಂತ ಮೊದಲು ಬಿಜಾಪುರದ ಸುಲ್ತಾನರ ಪರವಾಗಿ ಇಲ್ಲಿ ಆಡಳಿತ ಮಾಡಿದವನು. ರೈಹಾನ್ ಎಂದರೆ ಅರಬ್ಬಿಯಲ್ಲಿ ಪರಿಮಳದ ಗಿಡ, ನಮ್ಮ ಕಾಮಕಸ್ತೂರಿಯ ಜಾತಿಯದು. ಇನ್ನೊಂದು 1696ರ ಜುಮ್ಮಾ ಮಸೀದಿ, ಕಡೆದ ಕಲ್ಲಿನದು. ಎರಡೂ ಸಂರಕ್ಷಿತ ಸ್ಮಾರಕಗಳು. ದಿಲಾವರ್ ಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರೆಂದೂ, ಇಲ್ಲಿನ ಖಾನ್ ಬಾಗ್ ಎಂಬ ತೋಟ ಹೈದರಾಲಿಗೆ ಲಾಲ್‌ಬಾಗಿನ ಕಲ್ಪನೆ ಕೊಟ್ಟಿತೆಂದೂ ಗೆಜೆಟಿಯರ್ ಹೇಳುತ್ತದೆ. ಆ ಅರಮನೆ ಈಗಿಲ್ಲ. ಲಾಲ್‌ಬಾಗ್ ನೋಡಲು ನಾವೆಲ್ಲ ಹೋಗುತ್ತೇವೆ.

ಹೈದರಾಲಿ 1761ರಲ್ಲಿ ಸಿರಾ ಪಡೆದ, 1766ರಲ್ಲಿ ಅದು ಮರಾಠರಿಗೆ ಹೋಯಿತು, 1774ರಲ್ಲಿ ಟಿಪ್ಪು ಮತ್ತೆ ಗೆದ್ದ. ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ತಾನು ಕಟ್ಟಿಸಿದ ಶಹರ್ ಗಂಜಾಂ ಪೇಟೆಯನ್ನು ತುಂಬಲು ಟಿಪ್ಪು ಸಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದನೆಂದು ರೈಸ್‌ನ ಗೆಜೆಟಿಯರಿನಲ್ಲಿದೆ. ಈ ಮಾತು ನಮ್ಮವರಿಗೆ ರುಚಿಸುವುದಿಲ್ಲ. ಆಂಗ್ಲರು ಬರೆದದ್ದೆಲ್ಲ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಲಾಲ್‌ಬಾಗಿನ ಮಾತನ್ನು ಅದೇ ಗೆಜೆಟಿಯರಿನಿಂದ ಎತ್ತಿಕೊಂಡು ಗಂಜಾಮಿನ ಮಾತನ್ನು ಬಿಡಲು ಬರುವುದಿಲ್ಲವಲ್ಲ. ಲುಚೇರಾಕ್ಕೆ ನಡೆಸಿಕೊಂಡು ಹೋದ ಸಿಸಿಲಿಯವರಿಗಾಗಿ ಮರುಗುವವನು ಗಂಜಾಮಿಗೆ ಹೋದ ಸಿರಾದವರನ್ನೂ ನೆನೆಯಬೇಕು. ಆ ಗಾಡಿಗಳಲ್ಲಿ ನೇಕಾರ, ಶೆಟ್ಟಿ, ಸಾಬಿ ಎಲ್ಲರೂ ಕೂತಿದ್ದಿರಬೇಕು. ಅವರ ಎತ್ತುಗಳು ತೆಂಕಣಕ್ಕೆ ಹೋಗುವಾಗ ಬಹುಶಃ ಈ ನಮ್ಮ ಕೆರೆಗಳಲ್ಲೇ ನೀರು ಕುಡಿದಿರಬಹುದು.

ಹುಳಿಯಾರಿನಿಂದ ಸಿರಾಕ್ಕೆ ಬಸ್ಸು ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಗೋರಿ, ಮಸೀದಿ, ಕೋಟೆಯ ಅಗಳು ನೋಡಿಕೊಂಡು ಸಂಜೆಗೆ ಕ್ರಾಸಿಗೆ ವಾಪಸಾಗಬಹುದು. ಬೆಂಗಳೂರಿನ ಕಡೆಯಿಂದ ಬರುವವರು ಮಾತ್ರ ಹತ್ತುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ದೂರದೂರಿಗೆ ಹೋಗುವ ಬಸ್ಸುಗಳಲ್ಲಿ ಕೆಲವು ಊರೊಳಗೆ ಬರದೆ ಹೊರದಾರಿಯಲ್ಲೇ ಸಾಗಿಬಿಡುತ್ತವೆ.